ಅನುಭವವಿಲ್ಲದೆ ಮೊದಲ ಟೆಕ್ನಿಕಲ್ ಇಂಟರ್‌ವ್ಯೂಗೆ ಹೋಗುವ ಮಕ್ಕಳಿಗೆ



ನಾನು ಓದಿದ್ದು ಪಿಯುಸಿ ಕಾಮರ್ಸ್. ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಮತ್ತು ಪೈಪಿನ ಅಂಗಡಿ ನಡೆಸುತ್ತೇನೆ. ಕಂಪ್ಯೂಟರ್‌ನಲ್ಲಿ ಬಿಲ್ ಹಾಕುವುದಷ್ಟೇ ನನಗೆ ಗೊತ್ತು, ಪ್ರೋಗ್ರಾಂ ಬರೆಯಲು ಬಾರದು. ಆದರೂ ಈ ವಿಷಯ ಬರೆಯಲು ಕಾರಣವಿದೆ. ಸಮಾಜದ ವಿದ್ಯಾರ್ಥಿ ನಿಲಯದ ಸೇವೆಯಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಬಿಇ, ಬಿಸಿಎ, ಡಿಪ್ಲೊಮಾ ಮುಗಿಸಿದ ಮಕ್ಕಳು ಇಂಟರ್‌ವ್ಯೂಗೆ ಹೋಗುವುದನ್ನೂ, ಬಂದು ಹೇಳುವುದನ್ನೂ ಕೇಳುತ್ತ ಬಂದಿದ್ದೇನೆ. ಆಯ್ಕೆಯಾದವರ ಮಾತು, ಆಗದವರ ಮಾತು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅದರ ಸಾರ ಇಲ್ಲಿದೆ.

ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಿಲಯದ ಹುಡುಗನೊಬ್ಬ ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಂಟು ಸಾವಿರ ರೂಪಾಯಿ ಬೇಕೆಂದ. ಯಾವುದಕ್ಕೆ ಎಂದು ವಿಚಾರಿಸದೆ ಕೊಟ್ಟೆ. ಅವನು ಅದರಿಂದ ಸಿದ್ಧ ಪ್ರಾಜೆಕ್ಟ್ ಕೊಂಡು ತಂದಿದ್ದ. ಕಾಲೇಜಿನಲ್ಲಿ ಒಳ್ಳೆಯ ಅಂಕ ಬಂತು. ಮೊದಲ ಇಂಟರ್‌ವ್ಯೂನಲ್ಲಿ ಅವನಿಗೆ ಕೇಳಿದ ಎರಡನೆಯ ಪ್ರಶ್ನೆಯೇ, "ಇದರಲ್ಲಿ ನೀನು ಬರೆದ ಭಾಗ ಯಾವುದು?" ಹುಡುಗ ಬಾಯಿ ತೆರೆಯಲಿಲ್ಲ. ಊರಿಗೆ ಬಂದವನು ನಾಲ್ಕು ದಿನ ಕೋಣೆಯಿಂದ ಹೊರಬರಲಿಲ್ಲ. ಐದನೆಯ ದಿನ ಅಂಗಡಿಗೆ ಬಂದು, "ಕಾಕಾ, ನನಗ ಏನೂ ಬರಂಗಿಲ್ಲ, ಅಂಗಡ್ಯಾಗ ಕೆಲಸಾ ಕೊಡ್ರಿ" ಎಂದ. ಆ ಮಾತು ಇಂದಿಗೂ ನೆನಪಿದೆ. ದಡ್ಡನಲ್ಲದ ಹುಡುಗ, ನನ್ನ ದುಡ್ಡಿನಿಂದಲೇ ದಡ್ಡನೆನಿಸಿಕೊಂಡ. ಅಂದಿನಿಂದ ಪ್ರಾಜೆಕ್ಟಿಗೆ ಹಣ ಕೇಳಿದವರಿಗೆ, "ಏನು ಮಾಡುತ್ತೀ, ಬಿಡಿಸಿ ಹೇಳು" ಎಂದು ಕೇಳದೆ ಕೊಡುವುದಿಲ್ಲ.

ಇಂಟರ್‌ವ್ಯೂ ಹೇಗೆ ನಡೆಯುತ್ತದೆ?

ಸಾಮಾನ್ಯವಾಗಿ ಮೂರು ಹಂತ. ಮೊದಲನೆಯದು ಬರವಣಿಗೆಯ ಅಥವಾ ಆನ್‌ಲೈನ್ ಪರೀಕ್ಷೆ. ಇದರಲ್ಲಿ ಶೇಕಡಾ, ಲಾಭ-ನಷ್ಟ, ಕಾಲ-ಕೆಲಸದಂತಹ ಲೆಕ್ಕ, ತರ್ಕದ ಪ್ರಶ್ನೆಗಳು, ಇಂಗ್ಲಿಷ್, ಸಾಫ್ಟ್‌ವೇರ್ ಕೆಲಸವಾದರೆ ಒಂದೆರಡು ಪ್ರೋಗ್ರಾಂ ಇರುತ್ತವೆ. ಎರಡನೆಯದು ಟೆಕ್ನಿಕಲ್ ಸುತ್ತು. ಮೂರನೆಯದು ಎಚ್‌ಆರ್ ಸುತ್ತು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗಬಹುದು.

ಮೊದಲ ಹಂತದಲ್ಲಿಯೇ ಬಹಳ ಮಕ್ಕಳು ಉಳಿದುಬಿಡುತ್ತಾರೆ. ಲೆಕ್ಕ ಗೊತ್ತಿಲ್ಲವೆಂದಲ್ಲ, ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿರುವುದಿಲ್ಲ. ದಿನಕ್ಕೆ ಇಪ್ಪತ್ತು ಲೆಕ್ಕಗಳನ್ನು ಸಮಯ ನೋಡಿ ಬಿಡಿಸಿದರೆ ಎರಡು ತಿಂಗಳಲ್ಲಿ ಕೈ ಪಳಗುತ್ತದೆ.

ಫ್ರೆಶರ್‌ಗಳಿಗೆ ಏನು ಕೇಳುತ್ತಾರೆ?

ಅನುಭವವಿಲ್ಲವೆಂಬುದು ಕೇಳುವವರಿಗೂ ಗೊತ್ತಿರುತ್ತದೆ. ಆದ್ದರಿಂದ ಅವರು ಬುನಾದಿ ನೋಡುತ್ತಾರೆ. ಸಾಫ್ಟ್‌ವೇರ್ ಕೆಲಸಕ್ಕೆ ನಮ್ಮ ಮಕ್ಕಳಿಗೆ ಮತ್ತೆ ಮತ್ತೆ ಬಂದ ವಿಷಯಗಳು ಇವು: ಜಾವಾ ಅಥವಾ ಪೈಥಾನ್‌ನಂತಹ ಯಾವುದಾದರೂ ಒಂದು ಭಾಷೆ ಗಟ್ಟಿಯಾಗಿ, ಅರೇ, ಲಿಂಕ್ಡ್ ಲಿಸ್ಟ್, ಸ್ಟ್ಯಾಕ್, ಕ್ಯೂ, ಕ್ಲಾಸ್ ಮತ್ತು ಆಬ್ಜೆಕ್ಟ್, ಡೇಟಾಬೇಸ್‌ನಲ್ಲಿ ಪ್ರೈಮರಿ ಕೀ, ಫಾರಿನ್ ಕೀ, ಜಾಯಿನ್, ನಾರ್ಮಲೈಸೇಶನ್, ಆಪರೇಟಿಂಗ್ ಸಿಸ್ಟಂನಲ್ಲಿ ಪ್ರೋಸೆಸ್‌ಗೂ ಥ್ರೆಡ್‌ಗೂ ಇರುವ ವ್ಯತ್ಯಾಸ. ನಾಲ್ಕು ಭಾಷೆ ಅರ್ಧರ್ಧ ಕಲಿತವರಿಗಿಂತ ಒಂದನ್ನು ಪೂರ್ತಿ ಕಲಿತವರು ಮುಂದೆ ಹೋಗಿದ್ದನ್ನು ನೋಡಿದ್ದೇನೆ.

ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮಕ್ಕಳಿಗೂ ಇದೇ ರೀತಿ. ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು ಅಳತೆ ಓದು ಎನ್ನುತ್ತಾರೆ. ಸಾಮಾನ್ಯ ವರ್ನಿಯರ್ 0.02 ಮಿ.ಮೀ.ವರೆಗೆ, ಮೈಕ್ರೋಮೀಟರ್ 0.01 ಮಿ.ಮೀ.ವರೆಗೆ ತೋರಿಸುತ್ತದೆಂದು ಬಾಯಿಪಾಠ ಹೇಳಿದವನು ಕೈಯಲ್ಲಿ ಹಿಡಿದು ಓದಲಾಗದೆ ಬೆವರಿದ್ದುಂಟು. ಡ್ರಾಯಿಂಗ್ ಓದುವುದು, ಎಂಸಿಬಿ ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟಿಗೆ ಬೀಳುತ್ತದೆ, ಆರ್‌ಸಿಸಿಬಿ ಕರೆಂಟ್ ಸೋರಿಕೆಗೆ ಬೀಳುತ್ತದೆ ಎಂಬಂತಹ ದಿನನಿತ್ಯದ ವಿಷಯ ಇವೆಲ್ಲ ಕೈಯಲ್ಲಿ ಮಾಡಿ ಕಲಿಯಬೇಕಾದವು.

ಅನುಭವ ಎಲ್ಲಿಂದ ತರುವುದು?

ಬಿಸಿಎ ಮುಗಿಸಿದ ಹುಡುಗಿಯೊಬ್ಬಳು ನನ್ನನ್ನು ಇದನ್ನೇ ಕೇಳಿದಳು. "ಎಲ್ಲಾರೂ ಅನುಭವ ಕೇಳ್ತಾರ ಕಾಕಾ. ಕೆಲಸಾನ ಕೊಡಲಿಲ್ಲಂದ್ರ ಅನುಭವ ಎಲ್ಲಿಂದ ಬರತೈತ್ರಿ?" ನನ್ನ ಹತ್ತಿರ ಉತ್ತರವಿರಲಿಲ್ಲ. ಸ್ಟಾಕ್ ಲೆಕ್ಕದ ತಲೆನೋವು ಮಾತ್ರ ಇತ್ತು. "ನನ್ನ ಗೋದಾಮಿನ ಲೆಕ್ಕಕ್ಕ ಒಂದು ಪ್ರೋಗ್ರಾಂ ಮಾಡಿ ಕೊಡವಾ" ಎಂದೆ.

ಒಂದು ತಿಂಗಳಲ್ಲಿ ಮಾಡಿದಳು. ನಮ್ಮಲ್ಲಿ ಪೈಪು ಬರುವುದು 20 ಅಡಿಯ ಉದ್ದದಲ್ಲಿ, ಗಿರಾಕಿ ಕೇಳುವುದು ತನಗೆ ಬೇಕಾದಷ್ಟು. ಒಂದು ದಿನ ಎರಡು ಪೈಪಿನಿಂದ ಏಳೇಳು ಅಡಿ ಕತ್ತರಿಸಿ ಮಾರಿದೆವು. ಕಂಪ್ಯೂಟರ್ 26 ಅಡಿ ಉಳಿದಿದೆ ಎಂದಿತು. ಮರುದಿನ ಗಿರಾಕಿಯೊಬ್ಬ 15 ಅಡಿಯ ಒಂದೇ ತುಂಡು ಕೇಳಿದ. ಇದೆ ಎಂದು ಹೇಳಿ ಒಳಗೆ ಹೋಗಿ ನೋಡಿದರೆ 13 ಅಡಿಯ ಎರಡು ತುಂಡು! ಹುಡುಗಿಗೆ ಫೋನ್ ಮಾಡಿ, "ನಿನ್ನ ಕಂಪ್ಯೂಟರ್ ಸುಳ್ಳ ಹೇಳಾಕತ್ತೈತಿ ನೋಡವಾ" ಎಂದೆ. ಅವಳು ಬಂದು ಗೋದಾಮಿನಲ್ಲಿ ಅರ್ಧ ದಿನ ನಿಂತು ನೋಡಿದಳು. ಆಮೇಲೆ ಒಟ್ಟು ಅಡಿಯ ಲೆಕ್ಕ ಬಿಟ್ಟು, ಪ್ರತಿ ತುಂಡಿಗೂ ಒಂದೊಂದು ಸಾಲು, ಅದರ ಮುಂದೆ ಅದರ ಉದ್ದ ಎಂದು ಟೇಬಲ್ ಬದಲಿಸಿದಳು. ಗಿರಾಕಿಗೆ ಸಾಕಾಗುವ ತುಂಡುಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಮೊದಲು ತೋರಿಸುವಂತೆಯೂ ಮಾಡಿದಳು. ಹಾಗೆ ಮಾಡಿದ್ದರಿಂದ ಉದ್ದನೆಯ ಪೈಪು ಸುಮ್ಮನೆ ಕತ್ತರಿಯಾಗುವುದು ತಪ್ಪಿತು.

ಮೊದಲ ಇಂಟರ್‌ವ್ಯೂನಲ್ಲಿ ಅವಳು ಈ ಪೈಪಿನ ಕಥೆ ಹೇಳಿದಳು. ಎದುರಿನವರು ಕೇಳಿದರು, "ಬಿಲ್ ದಾಖಲಾಯಿತು, ಸ್ಟಾಕ್ ಕಡಿಮೆ ಮಾಡುವ ಮೊದಲೇ ಕರೆಂಟ್ ಹೋಯಿತು. ಆಗ?" ಅವಳಿಗೆ ಹೊಳೆಯಲಿಲ್ಲ, ಕೆಲಸವೂ ಸಿಗಲಿಲ್ಲ. ಆದರೆ ಮನೆಗೆ ಬಂದು ಓದಿ ತಿಳಿದುಕೊಂಡಳು. ಬಿಲ್ಲು, ಸ್ಟಾಕು ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇದಕ್ಕೆ ಟ್ರಾನ್ಸಾಕ್ಷನ್ ಎನ್ನುತ್ತಾರಂತೆ. ನಾವು ವ್ಯಾಪಾರಿಗಳು ಜಮಾ-ಖರ್ಚು ಎರಡೂ ಕಡೆ ಬರೆಯದೆ ಪುಸ್ತಕ ಮುಚ್ಚುವುದಿಲ್ಲವಲ್ಲ, ಹಾಗೆಯೇ. ಅದನ್ನೂ ಪ್ರೋಗ್ರಾಂನಲ್ಲಿ ಸೇರಿಸಿದಳು. ಮೂರನೆಯ ಇಂಟರ್‌ವ್ಯೂನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮುಕ್ಕಾಲು ಗಂಟೆಯ ಮಾತಿನಲ್ಲಿ ಅರ್ಧ ಗಂಟೆ ನನ್ನ ಗೋದಾಮಿನ ಪೈಪಿನದೇ ಆಗಿತ್ತಂತೆ.

ಅನುಭವವೆಂದರೆ ಸಂಬಳದ ಚೀಟಿಯೇ ಆಗಬೇಕಿಲ್ಲ ಎಂದು ನಾನು ಕಲಿತದ್ದು ಹೀಗೆ. ಬೇರೆಯವರ ನಿಜವಾದ ತೊಂದರೆಯನ್ನು ಬಿಡಿಸಿದ್ದು, ಅದು ಒಮ್ಮೆ ಕೆಟ್ಟದ್ದು, ನೀವು ಸರಿಮಾಡಿದ್ದು ಇಷ್ಟನ್ನು ಹೇಳಲು ಬಂದರೆ ಅದೇ ಅನುಭವ.

ರೆಸ್ಯೂಮೆ ಒಂದೇ ಪುಟ ಸಾಕು

ಬರೆದ ಪ್ರತಿ ಶಬ್ದದ ಮೇಲೆ ಐದು ನಿಮಿಷ ಮಾತನಾಡಲು ಬರಬೇಕು. ಬಾರದಿದ್ದರೆ ಆ ಶಬ್ದ ತೆಗೆಯಿರಿ. ಎರಡು ದಿನ ನೋಡಿದ ವಿಷಯವನ್ನು ಬಲ್ಲೆ ಎಂದು ಬರೆದರೆ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. ಬ್ಯಾಕ್‌ಲಾಗ್ ಇದ್ದರೆ ಮುಚ್ಚಿಡಬೇಡಿ, ದಾಖಲೆ ಪರಿಶೀಲನೆಯಲ್ಲಿ ಹೊರಬಂದರೆ ಸಿಕ್ಕ ಕೆಲಸವೂ ಹೋಗುತ್ತದೆ.

ಎದುರಿಗೆ ಕುಳಿತಾಗ

ಪ್ರೋಗ್ರಾಂ ಕೊಟ್ಟ ಕೂಡಲೇ ಬರೆಯಲು ಹೊರಡಬೇಡಿ. ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ, ಸರಿಯೇ ಎಂದು ಕೇಳಿ. ಸಣ್ಣ ಉದಾಹರಣೆ ತೆಗೆದುಕೊಳ್ಳಿ. ನಿಮಗೆ ಹೊಳೆಯುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ, ಅವರಿಗೆ ನಿಮ್ಮ ಯೋಚನೆ ಬೇಕು.

ಒಂದು ಉದಾಹರಣೆ. ಸಾವಿರ ಬಿಲ್ಲುಗಳಿವೆ, ಯಾವುದಾದರೂ ನಂಬರ್ ಎರಡು ಸಲ ಬಂದಿದೆಯೇ ಹುಡುಕಿ ಎಂದರೆನ್ನಿ. ಪ್ರತಿ ಬಿಲ್ಲನ್ನೂ ಉಳಿದೆಲ್ಲದರ ಜೊತೆ ಹೋಲಿಸಿದರೆ 4,99,500 ಹೋಲಿಕೆಗಳಾಗುತ್ತವೆ. ಮೊದಲು ಈ ಸರಳ ದಾರಿಯನ್ನೇ ಹೇಳಿ, ತಪ್ಪಿಲ್ಲ. ಆಮೇಲೆ, ನೋಡಿದ ನಂಬರುಗಳನ್ನು ಒಂದು ಕಡೆ ಗುರುತು ಹಾಕಿಕೊಳ್ಳುತ್ತಾ ಹೋದರೆ ಸಾವಿರ ಬಿಲ್ಲನ್ನು ಒಂದೇ ಸಲ ನೋಡಿದರೆ ಸಾಕು, ಆದರೆ ಗುರುತಿಗೆ ಹೆಚ್ಚು ಜಾಗ ಬೇಕು ಎಂದು ಹೇಳಿ. ಕೊನೆಗೆ ಒಂದೂ ಬಿಲ್ಲಿಲ್ಲದಿದ್ದರೆ, ಒಂದೇ ಬಿಲ್ಲಿದ್ದರೆ ನಿಮ್ಮ ಪ್ರೋಗ್ರಾಂ ಏನು ಮಾಡುತ್ತದೆ ಎಂದು ನೀವೇ ಪರೀಕ್ಷಿಸಿ ತೋರಿಸಿ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನನ್ನ ಅಂಗಡಿಗೆ ಕೆಲಸ ಕೇಳಿ ಬರುವವರಲ್ಲಿ ನಾನೂ ಇದನ್ನೇ ನೋಡುತ್ತೇನೆ. "ಗೊತ್ತಿಲ್ರಿ, ನೋಡಿ ಹೇಳ್ತೀನಿ" ಎನ್ನುವವನಿಗೆ ಕಲಿಸಬಹುದು. ಗೊತ್ತಿಲ್ಲದೆ ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿನದು ಕೊಟ್ಟು ಕಳಿಸುವವನಿಂದ ನಷ್ಟವೇ. ಗೊತ್ತಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ, ಅದರ ಹತ್ತಿರದ ಗೊತ್ತಿರುವ ವಿಷಯವನ್ನು ಹೇಳಿ.

ಇಂಗ್ಲಿಷ್ ಬಗ್ಗೆ ಕನ್ನಡ ಮಾಧ್ಯಮದ ಮಕ್ಕಳಿಗೆ ಬಹಳ ಅಂಜಿಕೆ. ಚಿಕ್ಕ ವಾಕ್ಯ, ನಿಧಾನವಾದ ಮಾತು ಸಾಕು. ನಿಮ್ಮ ಪರಿಚಯ ಮತ್ತು ಪ್ರಾಜೆಕ್ಟಿನ ವಿವರವನ್ನು ದಿನವೂ ಗಟ್ಟಿಯಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮನೆಯಲ್ಲಿ ಅಜ್ಜಿಗೆ ಕನ್ನಡದಲ್ಲಿ ತಿಳಿಯುವಂತೆ ಹೇಳಲು ಬಂದರೆ ವಿಷಯ ನಿಮಗೆ ತಿಳಿದಿದೆ ಎಂದರ್ಥ.

ದುಡ್ಡಿಲ್ಲದೆ ಕಲಿಯುವುದು

ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳನ್ನು, ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನ ಪಾಠಗಳನ್ನು ಉಚಿತವಾಗಿ ನೋಡಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಶುಲ್ಕವಿದೆ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಡಿಪ್ಲೊಮಾ, ಪದವಿ ಮುಗಿಸಿದವರಿಗೆ ಸ್ಟೈಪೆಂಡ್ ಸಹಿತ ಒಂದು ವರ್ಷದ ತರಬೇತಿ ಸಿಗುತ್ತದೆ. ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಕೆಲಸ ಸಿಗಲಿಲ್ಲವೆಂದು ಮನೆಯಲ್ಲಿ ಕೂಡುವ ಬದಲು ಇದು ಒಳ್ಳೆಯ ದಾರಿ.

ಪಾಲಕರಿಗೆ ಒಂದು ಎಚ್ಚರಿಕೆ. ಕೆಲಸ ಕೊಡಿಸುತ್ತೇವೆಂದು ಮೊದಲೇ ಠೇವಣಿ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಶುಲ್ಕ ಕೇಳಿದರೆ ಕೊಡಬೇಡಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಬಿಟ್ಟು ಬರಬೇಡಿ. ಬಾಂಡ್ ಇದ್ದರೆ ಸಹಿ ಮಾಡುವ ಮೊದಲು ತಿಳಿದವರಿಗೆ ಓದಿಸಿ.

ಆ ದಿನ

ಬೇರೆ ಊರಾದರೆ ಹಿಂದಿನ ದಿನವೇ ತಲುಪಿ. ರಾತ್ರಿ ಬಸ್ಸಿಳಿದು ನೇರವಾಗಿ ಹೋದವರು ನಿದ್ದೆಗಣ್ಣಿನಲ್ಲಿ ಗೊತ್ತಿದ್ದನ್ನೂ ಮರೆತಿದ್ದಾರೆ. ರೆಸ್ಯೂಮೆಯ ಎರಡು ಪ್ರತಿ, ಗುರುತಿನ ಚೀಟಿ, ಪೆನ್ನು, ಮನೆಯ ಬುತ್ತಿ ಇರಲಿ. ಆನ್‌ಲೈನ್ ಆದರೆ ಹಿಂದಿನ ದಿನವೇ ನೆಟ್, ಮೈಕ್ ನೋಡಿಕೊಳ್ಳಿ. ಮುಗಿದ ಕೂಡಲೇ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳಿ. ಆಯ್ಕೆಯಾಗದಿದ್ದರೂ ಆ ಹಾಳೆ ಮುಂದಿನ ಇಂಟರ್‌ವ್ಯೂಗೆ ಪಾಠ.

ಪ್ರಾಜೆಕ್ಟ್ ಕೊಂಡ ಆ ಹುಡುಗನ ವಿಷಯ ಬಿಡಬಾರದು. ನಾನು ಅವನಿಗೆ ಅಂಗಡಿಯಲ್ಲಿ ಕೆಲಸ ಕೊಡಲಿಲ್ಲ, ಮಧ್ಯಾಹ್ನದ ಹೊತ್ತು ಕೂತು ಓದಲು ಜಾಗ ಕೊಟ್ಟೆ. ಕೊಂಡು ತಂದ ಅದೇ ಪ್ರಾಜೆಕ್ಟನ್ನು ಮೊದಲ ಸಾಲಿನಿಂದ ತಾನೇ ಬರೆದ. ಐದು ತಿಂಗಳು ಹಿಡಿಯಿತು. ಈಗ ಚಿಕ್ಕ ಕಂಪನಿಯೊಂದರಲ್ಲಿದ್ದಾನೆ, ರಜೆಯಲ್ಲಿ ಬಂದಾಗ ನಿಲಯದ ಮಕ್ಕಳಿಗೆ ಅಣಕು ಇಂಟರ್‌ವ್ಯೂ ಮಾಡುತ್ತಾನೆ. ಅವನ ಎರಡನೆಯ ಪ್ರಶ್ನೆ ಯಾವಾಗಲೂ ಒಂದೇ: "ಇದರಾಗ ನೀ ಬರೆದದ್ದು ಯಾವುದು?"

ಸಮಾಜದ ವ್ಯಾಪಾರಿ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಅಂಗಡಿಯಲ್ಲಿ ಉದ್ರಿ ಪಟ್ಟಿಯೋ, ಗೋದಾಮಿನ ಲೆಕ್ಕವೋ, ಸಾಗಾಟದ ಚೀಟಿಯೋ ಏನಾದರೊಂದು ತಲೆನೋವು ಇದ್ದೇ ಇರುತ್ತದೆ. ಅದನ್ನು ಒಬ್ಬ ವಿದ್ಯಾರ್ಥಿಗೆ ಒಪ್ಪಿಸಿ, ಅವನು ತಪ್ಪಿದಾಗ ಸಿಟ್ಟು ಮಾಡದೆ ತೋರಿಸಿ ಕೊಡಿ. ನಿಮಗೆ ಲೆಕ್ಕ ಸರಿಹೋಗುತ್ತದೆ, ಆ ಮಗುವಿಗೆ ಇಂಟರ್‌ವ್ಯೂನಲ್ಲಿ ಹೇಳಲು ತನ್ನದೇ ಆದ ಒಂದು ಮಾತು ಸಿಗುತ್ತದೆ.