ಹಳದಿ ಹೂವಿಗೆ ಯಾವ ಹಿನ್ನೆಲೆ ಚೆನ್ನ?

ಗಾಜಿನ ಕಡ್ಡಿಯನ್ನು ಬರ್ನರ್ ಜ್ವಾಲೆಯಲ್ಲಿ ಕರಗಿಸಿ, ಕಬ್ಬಿಣದ ತಂತಿಗೆ ಸುತ್ತಿ ಮಣಿ ಮಾಡೋದಕ್ಕೆ ಲ್ಯಾಂಪ್‌ವರ್ಕ್ ಅಂತ ಹೆಸರು. ಇಟಲಿಯ ಮುರಾನೊ, ನಮ್ಮ ವಾರಾಣಸಿ, ಪುರ್ದಿಲ್‌ನಗರದ ಮಣಿಗಳು ಇದಕ್ಕೆ ಪ್ರಸಿದ್ಧ. ಈಗ ಮನೆಯಲ್ಲೇ ಇದನ್ನು ಹವ್ಯಾಸವಾಗಿ ಮಾಡಿ, ಸರ ಪೋಣಿಸಿ ಮಾರುವ ಗೃಹಿಣಿಯರೂ ಇದ್ದಾರೆ. ಗಾಜು, ಗ್ಯಾಸ್ ಎರಡೂ ದುಬಾರಿ. ಅರ್ಧ ಗಂಟೆ ಕೂತು ಮಾಡಿದ ಮಣಿಯಲ್ಲಿ ಹಳದಿ ಹೂವು ಮಂಕಾಗಿ ಕಂಡರೆ ದುಡ್ಡೂ ಹೋಯ್ತು, ಶ್ರಮವೂ ಹೋಯ್ತು. ಹಾಗಾಗಿ ಹಿನ್ನೆಲೆ ಬಣ್ಣವನ್ನು ಮೊದಲೇ ಯೋಚಿಸೋದು ಒಳ್ಳೆಯದು.

ಯಾವುದರ ಜೊತೆ ಯಾವುದು?

* ನೇರಳೆ: ಬಣ್ಣದ ಚಕ್ರದಲ್ಲಿ ಹಳದಿಗೆ ಎದುರು ಕೂತಿರೋದು ನೇರಳೆ. ಬದನೆಕಾಯಿ ಬಣ್ಣದ ಸೀರೆಗೆ ಅರಿಶಿನದ ಅಂಚು ಹೇಗೆ ಎದ್ದು ಕಾಣುತ್ತೋ, ಇದೂ ಹಾಗೇ. ಹೂವು ದೂರದಿಂದಲೇ ಕಣ್ಣಿಗೆ ಬೀಳಬೇಕು ಅಂದರೆ ಇದನ್ನೇ ಆರಿಸಿ.

* ಕಡು ನೀಲಿ: ರಾತ್ರಿ ಆಕಾಶದಲ್ಲಿ ನಕ್ಷತ್ರ ಇಟ್ಟ ಹಾಗೆ. ಸಣ್ಣ ಚುಕ್ಕೆಗಳಿಗೆ ಬಹಳ ಚೆನ್ನ.

* ಹಸಿರು: ಮಾವಿನ ತೋರಣಕ್ಕೆ ಚೆಂಡುಹೂವು ಕಟ್ಟಿದ ಜೋಡಿ. ಕಣ್ಣಿಗೆ ತಂಪು, ದಿನಾ ಹಾಕುವ ಸರಕ್ಕೆ ಸರಿ.

* ಕೆಂಪು: ಅರಿಶಿನ-ಕುಂಕುಮದ ಜೋಡಿ. ಹಬ್ಬದ ಕಳೆ ಬರುತ್ತೆ. ಆದರೆ ಎರಡೂ ಬಿಸಿ ಬಣ್ಣ, ಒಂದನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ಬಳಸಿ.

* ಬಿಳಿ, ಕೆನೆ: ತಿಳಿ ಹಳದಿ ಇದರಲ್ಲಿ ಕರಗಿಹೋಗುತ್ತೆ. ಮಾವಿನಹಣ್ಣಿನಂಥ ಗಟ್ಟಿ ಹಳದಿಯಾದರೆ ಮಾತ್ರ ಆಯ್ಕೆ ಮಾಡಿ.

ಬೆಂಕಿಯ ಬಣ್ಣವೇ ಬೇರೆ

ಗಾಜು ಬಟ್ಟೆಯ ಹಾಗಲ್ಲ. ಕೆಳಗಿನ ಬಣ್ಣ ಮೇಲಕ್ಕೆ ಇಣುಕುತ್ತೆ. ಪಾರದರ್ಶಕ ಹಳದಿಯನ್ನು ನೇರ ನೀಲಿಯ ಮೇಲಿಟ್ಟರೆ ಹಸಿರು ಕಾಣುತ್ತೆ, ಕಪ್ಪಿನ ಮೇಲಿಟ್ಟರೆ ಕಾಣೋದೇ ಇಲ್ಲ. ಇದಕ್ಕೆ ಸುಲಭ ಉಪಾಯ: ಮೊದಲು ಬಿಳಿ ಗಾಜಿನ ಚುಕ್ಕೆ, ಅದರ ಮೇಲೆ ಹಳದಿ ಚುಕ್ಕೆ. ಆಗ ಯಾವ ಹಿನ್ನೆಲೆಯಲ್ಲೂ ಹಳದಿ ಬೆಳಗುತ್ತೆ. ಅಪಾರದರ್ಶಕ ಹಳದಿಯೂ ತೆಳುವಾದರೆ ಮಂಕಾಗುತ್ತೆ, ಸ್ವಲ್ಪ ದಪ್ಪಗೇ ಇಡಿ.

ಇನ್ನೊಂದು ಮುಖ್ಯ ವಿಷಯ. ಅನೇಕ ಹಳದಿ ಗಾಜುಗಳಲ್ಲಿ ಗಂಧಕದ ಅಂಶ, ಟರ್ಕಾಯಿಸ್ ಬಣ್ಣದ ಗಾಜಿನಲ್ಲಿ ತಾಮ್ರದ ಅಂಶ ಇರುತ್ತೆ. ಇವೆರಡೂ ಬಿಸಿಯಲ್ಲಿ ತಾಗಿದರೆ ನಡುವೆ ಕಂದು ಅಥವಾ ಕಪ್ಪು ಗೆರೆ ಮೂಡಬಹುದು. ಹಳೆಯ ಕಾಲದ ಮಣಿಯ ಹಾಗೆ ಬೇಕಿದ್ದರೆ ಅದೇ ಚೆಂದ! ಬೇಡವಾದರೆ ನಡುವೆ ಬಣ್ಣವಿಲ್ಲದ ಪಾರದರ್ಶಕ ಗಾಜು ಹಾಕಿ ಬೇರ್ಪಡಿಸಿ.

ಬೆಂಕಿಯಲ್ಲಿರುವಾಗ ಹಳದಿ, ಕಿತ್ತಳೆ ಅಥವಾ ಕೆಂಪಾಗಿ ಕಾಣುತ್ತೆ. ಗಾಬರಿ ಬೇಡ, ಆರಿದ ಮೇಲೆ ತನ್ನ ಬಣ್ಣಕ್ಕೆ ಬರುತ್ತೆ.

ಇವು ನೆನಪಿರಲಿ

* ಬಣ್ಣ ಎಷ್ಟೇ ಹೊಂದಿದರೂ ಗಾಜಿನ ಜಾತಿ ಹೊಂದದಿದ್ದರೆ ಮಣಿ ಸೀಳುತ್ತೆ. ಬಿಸಿಗೆ ಹಿಗ್ಗುವ ಪ್ರಮಾಣ ಕಡ್ಡಿ ಕೊಳ್ಳುವಾಗ ಕೇಳಿ. 104 ಇದ್ದರೆ ಎಲ್ಲವೂ 104, 90 ಇದ್ದರೆ ಎಲ್ಲವೂ 90.

* ಮಣಿಯನ್ನು ಕುಲುಮೆಯಲ್ಲಿಟ್ಟು ನಿಧಾನಕ್ಕೆ ಆರಿಸಿ.

* ಹಳದಿ ಗಾಜುಗಳಲ್ಲಿ ಕ್ಯಾಡ್ಮಿಯಂ ಇರೋದು ಸಾಮಾನ್ಯ. ಅಡುಗೆಮನೆಯಲ್ಲಿ ಈ ಕೆಲಸ ಖಂಡಿತ ಬೇಡ. ಗಾಳಿ ಆಡುವ ಜಾಗ, ಎಕ್ಸಾಸ್ಟ್ ಫ್ಯಾನ್ ಇರಲಿ. ಗಾಜನ್ನು ಒಣಗಿದ್ದಾಗ ಉಜ್ಜಬೇಡಿ, ಮಕ್ಕಳನ್ನು ದೂರವಿಡಿ.

* ಸೋಡಿಯಂನ ಹಳದಿ ಉರಿ ಕಣ್ಣಿಗೆ ಕುಕ್ಕುತ್ತೆ, ಕೆಲಸವನ್ನೂ ಮರೆಮಾಡುತ್ತೆ. ಡಿಡಿಮಿಯಂ ಕನ್ನಡಕ ಹಾಕಿ.

ಕಡೆಯದಾಗಿ, ಪ್ರತಿ ಹೊಸ ಜೋಡಿಗೆ ಒಂದು ಪುಟ್ಟ ಪರೀಕ್ಷಾ ಮಣಿ ಮಾಡಿ, ಯಾವ ಕಡ್ಡಿಯ ಮೇಲೆ ಯಾವುದು ಅಂತ ಚೀಟಿ ಕಟ್ಟಿಡಿ. ಹತ್ತು ಮಣಿ ಆಗುವಷ್ಟರಲ್ಲಿ ಪುಸ್ತಕಕ್ಕಿಂತ ಒಳ್ಳೆ ಮಾರ್ಗದರ್ಶಿ ನಿಮ್ಮ ಡಬ್ಬಿಯಲ್ಲೇ ಇರುತ್ತೆ!