ಹೊಸ ಅಕ್ಕಿ, ಹಿರಿಯರ ಎಡೆ

ಹೊಸ ಅಕ್ಕಿಯ ಹಿಟ್ಟಿಗೆ ಕುದಿಯುವ ನೀರು ಹಾಕಿ, ಕೈ ಸೋಲುವಷ್ಟು ನಾದಿ, ನಿಂಬೆಗಿಂತ ಚಿಕ್ಕ ಉಂಡೆ ಕಟ್ಟುತ್ತಾರೆ. ಹೆಬ್ಬೆರಳಿನಿಂದ ಒತ್ತಿ ಬಟ್ಟಲು ಮಾಡಿ, ಹುರಿದು ಕುಟ್ಟಿದ ಎಳ್ಳನ್ನು ಸಿಹಿ ಬೆರೆಸಿ ತುಂಬಿ, ಅಂಚು ಕೂಡಿಸಿ ಅರ್ಧಚಂದ್ರದ ಆಕಾರ ಕೊಡುತ್ತಾರೆ. ಇಲ್ಲಿಯವರೆಗೆ ಅದು ನಮ್ಮ ಕಡುಬೇ. ಆಮೇಲೆ ಉಗಿಪಾತ್ರೆಯಲ್ಲಿ ಪೈನ್ ಮರದ ಸೂಜಿಯಂಥ ಎಲೆಗಳನ್ನು ಹಾಸಿ, ಅದರ ಮೇಲೆ ಬೇಯಲು ಇಡುತ್ತಾರೆ. ಬೆಂದ ಕಡುಬಿನ ಮೈಮೇಲೆ ಎಲೆಯ ಸಣ್ಣ ಗೆರೆಗಳು ಮೂಡಿರುತ್ತವೆ, ಕಾಡಿನ ಪರಿಮಳ ಹತ್ತಿರುತ್ತದೆ. ತಣ್ಣೀರಲ್ಲಿ ತೊಳೆದು ಎಳ್ಳೆಣ್ಣೆ ಸವರಿದರೆ ಸೊಂಗ್‌ಪ್ಯೊನ್ ಸಿದ್ಧ. ‘ಸೊಂಗ್’ ಎಂದರೆ ಪೈನ್. ಇದನ್ನು ಅಂದವಾಗಿ ಮಡಿಸುವವಳಿಗೆ ಅಂದದ ಮಗಳು ಹುಟ್ಟುತ್ತಾಳೆ ಎಂದು ಕೊರಿಯಾದ ಅಜ್ಜಿಯರು ಹೇಳುತ್ತಾರೆ.

ಇದು ಚುಸೊಕ್ ಹಬ್ಬದ ಕಡುಬು. ಚಾಂದ್ರಮಾನದ ಎಂಟನೇ ತಿಂಗಳ ಹುಣ್ಣಿಮೆಯಂದು ಬರುವ ಈ ಸುಗ್ಗಿಹಬ್ಬಕ್ಕೆ ದಕ್ಷಿಣ ಕೊರಿಯಾ ಮೂರು ದಿನ ರಜೆ ಕೊಡುತ್ತದೆ. ಚುಸೊಕ್ ಎಂದರೆ ಶರತ್ಕಾಲದ ಸಂಜೆ. ಹಳೆಯ ಅಚ್ಚ ಕೊರಿಯನ್ ಹೆಸರು ಹಂಗಾವಿ. ಬಹುತೇಕ ವರ್ಷಗಳಲ್ಲಿ ಇದೇ ನಮ್ಮ ಭಾದ್ರಪದ ಹುಣ್ಣಿಮೆಯೂ ಹೌದು. ಮರುದಿನದಿಂದ ನಮ್ಮಲ್ಲಿ ಪಿತೃಪಕ್ಷ ಹಿಡಿಯುತ್ತದೆ, ಮನೆಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ಮಾತು ಶುರುವಾಗುತ್ತದೆ. ಅಲ್ಲೂ ಹೊಸ ಬೆಳೆ ಮೊದಲು ಸಲ್ಲುವುದು ಹಿರಿಯರಿಗೇ.

ಹಬ್ಬದ ಮೂಲ ಹುಡುಕುವವರು ‘ಸಮ್‌ಗುಕ್ ಸಾಗಿ’ಯನ್ನು ತೆರೆಯುತ್ತಾರೆ. ಕಿಮ್ ಬುಸಿಕ್ 1145ರಲ್ಲಿ ಮುಗಿಸಿದ ಇತಿಹಾಸಗ್ರಂಥವದು. ಸಿಲ್ಲಾ ರಾಜ್ಯದ ಮೂರನೆಯ ದೊರೆ ಯೂರಿ, ರಾಜಧಾನಿಯ ಹೆಂಗಸರನ್ನು ಎರಡು ಪಂಗಡ ಮಾಡಿ, ಒಬ್ಬೊಬ್ಬ ರಾಜಕುಮಾರಿಯನ್ನು ಮುಂದಾಳಾಗಿಸಿ, ಒಂದು ತಿಂಗಳು ನೂಲುವ, ನೇಯುವ ಪಂದ್ಯ ಇಟ್ಟನಂತೆ. ಎಂಟನೇ ತಿಂಗಳ ಹುಣ್ಣಿಮೆಯಂದು ಲೆಕ್ಕ ನೋಡಿ, ಸೋತವರು ಗೆದ್ದವರಿಗೆ ಊಟ ಹಾಕಬೇಕು. ಬಳಿಕ ಹಾಡು, ಕುಣಿತ. ಅದರ ಹೆಸರು ಗಬೆ. ಸೋತ ಕಡೆಯ ಒಬ್ಬಳು ಎದ್ದು ಕುಣಿಯುತ್ತ ನಿಟ್ಟುಸಿರಿಟ್ಟಳು, ಆ ದನಿಯೇ ಮುಂದೆ ಹಾಡಾಯಿತು ಎಂದೂ ಗ್ರಂಥ ಹೇಳುತ್ತದೆ. ದೊರೆಗಳ ಚರಿತ್ರೆಯಲ್ಲಿ ಸೋತ ನೇಕಾರಳೊಬ್ಬಳ ನಿಟ್ಟುಸಿರಿಗೆ ಜಾಗ ಸಿಕ್ಕಿದೆಯಲ್ಲ, ಈ ಹಬ್ಬದ ಬಗ್ಗೆ ಓದಿದ್ದರಲ್ಲಿ ನನಗೆ ತೀರಾ ಹಿಡಿಸಿದ್ದು ಅದು.

ಹಬ್ಬಕ್ಕೆ ಕೆಲವು ವಾರ ಮೊದಲೇ ಗಂಡಸರು ಕುಡುಗೋಲು ಹಿಡಿದು, ಈಗೀಗ ಹುಲ್ಲು ಕತ್ತರಿಸುವ ಯಂತ್ರ ಹೊತ್ತು, ಗುಡ್ಡದ ಮೇಲಿನ ಗೋರಿಗಳಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಬೆಳೆದ ಹುಲ್ಲನ್ನು ಸವರಿ ದಿಬ್ಬವನ್ನು ಚೊಕ್ಕ ಮಾಡುವ ಈ ಕೆಲಸ ಬೊಲ್ಚೊ. ಹುಲ್ಲು ಬೆಳೆದೇ ಇರುವ ಗೋರಿ ಎಂದರೆ ಆ ಮನೆತನಕ್ಕೆ ಅವಮಾನ. ಹಬ್ಬದ ಬೆಳಗ್ಗೆ ಹಿರಿಯ ಮಗನ ಮನೆಯಲ್ಲಿ ಚಾರ್ಯೆ: ಹೊಸ ಅಕ್ಕಿಯ ಕಡುಬು, ಅಕ್ಕಿಯ ಮದ್ಯ, ಸೇಬು, ಪೇರ್, ಖರ್ಜೂರದಂಥ ಜುಜುಬೆ. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿಯದು ಪಶ್ಚಿಮಕ್ಕೆ. ಅಡ್ಡಬಿದ್ದಾದ ಮೇಲೆ ಎಲ್ಲರೂ ಅದನ್ನೇ ಹಂಚಿಕೊಂಡು ಉಣ್ಣುತ್ತಾರೆ.

ಆ ಎಡೆಯ ಹಿಂದೆ ಹೆಂಗಸರ ಬೆವರಿದೆ. ಮದುವೆಯಾಗಿ ಬಂದ ಸೊಸೆ ತಾನು ಕಂಡೇ ಇರದ ಗಂಡನ ಮುತ್ತಜ್ಜಂದಿರಿಗಾಗಿ ಹಿಂದಿನ ದಿನವಿಡೀ ಕಾವಲಿಯ ಮುಂದೆ ಕೂತು ಮೀನು, ತರಕಾರಿಯನ್ನು ಎಣ್ಣೆಯಲ್ಲಿ ಕಾಯಿಸುತ್ತಾಳೆ. ಈ ಹಬ್ಬದ ದಣಿವಿಗೆ ಕೊರಿಯನ್ ಭಾಷೆಯಲ್ಲಿ ಪದವೇ ಹುಟ್ಟಿದೆ. ಕೊನೆಗೆ 2022ರಲ್ಲಿ ಕನ್ಫ್ಯೂಷಿಯನ್ ಪರಂಪರೆಯ ಕೇಂದ್ರವಾದ ಸುಂಗ್‌ಕ್ಯುನ್‌ಗ್ವಾನ್‌ನ ಹಿರಿಯರೇ ಬಾಯಿ ಬಿಟ್ಟರು: ಒಂಬತ್ತು ಬಗೆ ಸಾಕು, ಕರಿದದ್ದು ಬೇಕಿಲ್ಲ, ಹಣ್ಣಿಗೆ ಬಣ್ಣದ ದಿಕ್ಕು ನೋಡಬೇಕೆಂದು ಹಳೆಯ ಗ್ರಂಥಗಳಲ್ಲಿ ಎಲ್ಲೂ ಇಲ್ಲ. ಎಷ್ಟು ತಲೆಮಾರಿನ ಸೊಸೆಯರು ಈ ಮಾತಿಗೆ ಕಾದಿದ್ದರೋ!

ಊರಿಗೆ ಹೋಗುವವರ ಕಾರುಗಳಿಂದ ಹೆದ್ದಾರಿಗಳು ತುಂಬಿಹೋಗುತ್ತವೆ. ನೈರುತ್ಯದ ಕರಾವಳಿಯಲ್ಲಿ ಹೆಂಗಸರು ಹುಣ್ಣಿಮೆಯ ಬೆಳಕಲ್ಲಿ ಕೈಕೈ ಹಿಡಿದು ಗಂಗ್‌ಗಂಗ್‌ಸುಲ್ಲೆ ಸುತ್ತು ಕುಣಿಯುತ್ತಾರೆ. ಹಬ್ಬದ ಕುಸ್ತಿ ಸಿರುಮ್ 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ಉತ್ತರ ಮತ್ತು ದಕ್ಷಿಣ ಕೊರಿಯಾಗಳ ಹೆಸರು ಒಟ್ಟಿಗೇ ಇದ್ದವು.

ಗಡಿ ಮಾತ್ರ ತೆರೆಯಲಿಲ್ಲ. ಕೊರಿಯಾ ಯುದ್ಧದಲ್ಲಿ ಅಗಲಿದ ಬಂಧುಗಳನ್ನು ನೋಡಲು ದಕ್ಷಿಣದಲ್ಲಿ 1.3 ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದ್ದರು. ಹೆಚ್ಚಿನವರು ಕಾಯುತ್ತಲೇ ತೀರಿಹೋದರು. ಉಳಿದವರಿಗೆ ಚುಸೊಕ್ ದಿನ ಹುಲ್ಲು ಸವರಲು ಗೋರಿ ಇದೆ, ಅಲ್ಲಿಗೆ ದಾರಿ ಇಲ್ಲ. ಗಡಿಯ ಹತ್ತಿರ, ಪಾಜುವಿನ ಇಮ್ಜಿನ್‌ಗಾಕ್‌ನಲ್ಲಿ ಇವರಿಗೆಂದೇ 1985ರಲ್ಲಿ ಒಂದು ಕಟ್ಟೆ ಕಟ್ಟಿಸಿದ್ದಾರೆ. ಮೊಮ್ಮಕ್ಕಳ ಕೈಹಿಡಿದು ಮುದುಕರು ಅಲ್ಲಿಗೆ ಬರುತ್ತಾರೆ. ಹಣ್ಣು, ಸೊಂಗ್‌ಪ್ಯೊನ್ ಜೋಡಿಸಿ, ಬಟ್ಟಲಿಗೆ ಮದ್ಯ ಎರೆದು, ನದಿಯಾಚೆಯ ಉತ್ತರಕ್ಕೆ ಮುಖ ಮಾಡಿ ಅಡ್ಡಬೀಳುತ್ತಾರೆ.