ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ

ಮೇ ತಿಂಗಳ ಕೊನೆಯ ವಾರಗಳಲ್ಲಿ ಕರಾವಳಿಯ ಸೆಕೆ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ ಎಂಟಕ್ಕೇ ಬನಿಯನ್ ಬೆನ್ನಿಗೆ ಅಂಟಿರುತ್ತದೆ. ಮಧ್ಯಾಹ್ನ ಕಳೆದರೆ ಘಟ್ಟದ ಕಡೆ ಕಪ್ಪಾಗುತ್ತದೆ, ಸಂಜೆಯೊಳಗೆ ಸುಳ್ಯ, ಬೆಳ್ತಂಗಡಿ, ಕಾರ್ಕಳದ ಮೇಲೆ ಗುಡುಗು ಉರುಳುತ್ತದೆ. ಮೊದಲ ಗುಡುಗಿಗೇ ಮನೆಯೊಳಗಿಂದ ಕೂಗು: ‘ಮೊಬೈಲ್ ಆಫ್ ಮಾಡು ಮಾರಾಯ, ಸಿಡಿಲು ಎಳೀತದೆ!’

ಓದಿದವರೂ ಓದದವರೂ ಒಂದೇ ಸ್ವರದಲ್ಲಿ ಹೇಳುವ ಈ ಮಾತು ಸುಳ್ಳು. ಅದರಿಂದ ಜೀವಹಾನಿ ಆಗುತ್ತಿರುವುದರಿಂದ ಸುಮ್ಮನಿರಲು ಆಗುವುದಿಲ್ಲ.

ಮೋಡದಿಂದ ಹೊರಟ ವಿದ್ಯುತ್ತು ಸುಮಾರು 50 ಮೀಟರ್‌ನ ಒಂದೊಂದು ಹೆಜ್ಜೆ ಇಡುತ್ತ, ಕವಲೊಡೆಯುತ್ತ ಕೆಳಗಿಳಿಯುತ್ತದೆ. ನೆಲಕ್ಕೆ ತೀರ ಹತ್ತಿರ ಬಂದಾಗ ತೆಂಗಿನ ತುದಿ, ಟವರ್, ಬಯಲಲ್ಲಿ ಒಬ್ಬನೇ ನಿಂತವನ ತಲೆ ಇಂಥ ಎತ್ತರದ ಜಾಗಗಳಿಂದ ಮೇಲಕ್ಕೊಂದು ಕಿಡಿ ಏಳುತ್ತದೆ. ಎರಡೂ ಕೂಡಿದಲ್ಲಿ ಸಿಡಿಲು. ಎತ್ತರ ಎಷ್ಟು, ತುದಿ ಎಷ್ಟು ಚೂಪು, ಸುತ್ತ ಬೇರೇನಾದರೂ ಇದೆಯೇ, ಇಷ್ಟೇ ಅಲ್ಲಿ ಲೆಕ್ಕಕ್ಕೆ ಬರುವುದು. ಕಿಸೆಯಲ್ಲಿರುವ ಗೇಣುದ್ದದ ಫೋನ್ ನಿಮ್ಮ ಎತ್ತರಕ್ಕೆ ಏನನ್ನೂ ಸೇರಿಸುವುದಿಲ್ಲ. ಅದರ ರೇಡಿಯೊ ಅಲೆಗಳು ಗಾಳಿಯಲ್ಲಿ ವಿದ್ಯುತ್ತು ಹರಿಯುವಂತೆ ಮಾಡಲಾರವು.

ಇಷ್ಟಾದರೂ ನಂಬಿಕೆ ಬೇರೂರಿದ್ದಕ್ಕೆ ಕಾರಣಗಳಿವೆ. ಹಿಂದಿನ ವಯರ್ ಇದ್ದ ಫೋನ್ ನಿಜಕ್ಕೂ ಅಪಾಯಕಾರಿಯಾಗಿತ್ತು, ಕಂಬದ ತಂತಿಗೆ ಬಡಿದ ಸಿಡಿಲು ಕಿವಿಯವರೆಗೆ ಬರುತ್ತಿತ್ತು. ಚಾರ್ಜಿಗೆ ಹಾಕಿದ ಮೊಬೈಲನ್ನು ಹಿಡಿದು ಮಾತಾಡಬಾರದು ಎಂಬುದೂ ಅದೇ ಕಾರಣಕ್ಕೆ ಸರಿ. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲಂಡನ್ನಿನ ವೈದ್ಯರ ಪತ್ರವೊಂದು ಬಂತು. ಪಾರ್ಕಿನಲ್ಲಿ ಮೊಬೈಲಿನಲ್ಲಿ ಮಾತಾಡುತ್ತಿದ್ದ 15 ವರ್ಷದ ಹುಡುಗಿಗೆ ಸಿಡಿಲು ಬಡಿದಿತ್ತು. ಮೈಗೆ ತಾಗಿದ ಲೋಹದಿಂದ ಗಾಯದ ತೀವ್ರತೆ ಹೆಚ್ಚಬಹುದು ಎಂಬುದು ವೈದ್ಯರ ಆತಂಕ. ಅದು ಊರೂರು ದಾಟುವಷ್ಟರಲ್ಲಿ ‘ಮೊಬೈಲೇ ಸಿಡಿಲನ್ನು ಕರೆಯಿತು’ ಎಂದಾಯಿತು. ಮಾತಾಡುತ್ತಿದ್ದುದನ್ನು ಎಲ್ಲರೂ ನೆನಪಿಟ್ಟುಕೊಂಡರು, ಬಯಲಲ್ಲಿ ನಿಂತಿದ್ದುದನ್ನು ಮರೆತರು.

ನಮ್ಮಲ್ಲೂ ಆಗುವುದು ಅದೇ. ಸಿಡಿಲಿನ ವಿದ್ಯುತ್ತಿನ ಬಹುಪಾಲು ಒದ್ದೆ ಮೈಯ ಮೇಲಿಂದಲೇ ಹರಿದುಹೋಗುತ್ತದೆ, ದಾರಿಯಲ್ಲಿ ಸಿಕ್ಕಿದ ಮೊಬೈಲ್ ಸುಟ್ಟು ಕರಕಲಾಗುತ್ತದೆ. ನೋಡಿದವರು ಅದನ್ನೇ ಅಪರಾಧಿ ಮಾಡುತ್ತಾರೆ. ಮರುದಿನ ಸುದ್ದಿಯ ಶೀರ್ಷಿಕೆ ‘ಮೊಬೈಲಿನಲ್ಲಿ ಮಾತನಾಡುತ್ತಿದ್ದಾಗ ಸಿಡಿಲು’. ಆತ ಹಲಸಿನ ಮರದಡಿ ಮಳೆಗೆ ನಿಂತಿದ್ದ ಎಂಬುದು ಐದನೇ ಸಾಲಿನಲ್ಲಿ. ಅಷ್ಟು ಕೆಳಗೆ ಯಾರೂ ಓದುವುದಿಲ್ಲ.

ಈಗ ಆ ಮೊದಲ ಗುಡುಗಿನ ಹೊತ್ತಿಗೆ ಅಂಗಳ ನೋಡಿ. ಮೊಬೈಲ್ ಆಫ್ ಆಗಿ ಕಪಾಟು ಸೇರಿದೆ. ಮನೆಯಾಕೆ ಅಂಗಳದಲ್ಲಿ ಬಗ್ಗಿ ಅಡಿಕೆ ಎಳೆದು ರಾಶಿ ಮಾಡುತ್ತಿದ್ದಾರೆ, ಮಗ ಟರ್ಪಾಲು ಹಿಡಿದು ತೆಂಗಿನ ಬುಡದಲ್ಲಿ ನಿಂತಿದ್ದಾನೆ, ಮಾಂಬಳದ ಚಾಪೆ ತರಲು ಅಜ್ಜಿಯೂ ಇಳಿದಿದ್ದಾರೆ. ಮಳೆ ಇನ್ನೂ ಬಂದಿಲ್ಲವಲ್ಲ ಎಂಬ ಧೈರ್ಯ. ಮಳೆ ಬೀಳುತ್ತಿರುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಬಡಿಯಬಲ್ಲದು. ಗುಡುಗು ಕೇಳಿಸಿತೆಂದರೆ ನೀವು ಅದರ ವ್ಯಾಪ್ತಿಯೊಳಗೇ ಇದ್ದೀರಿ. ಮರಕ್ಕೆ ಬಡಿದರೆ ನೆಲದಲ್ಲಿ ಹರಡುವ ವಿದ್ಯುತ್ತು ಬುಡದಲ್ಲಿ ನಿಂತವರನ್ನು ಮಾತ್ರವಲ್ಲ, ಆಚೆ ಕಟ್ಟಿದ ದನಗಳನ್ನೂ ಕೊಲ್ಲುತ್ತದೆ. 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿ.

ಸಿಡಿಲು ಎಷ್ಟು ಹತ್ತಿರ ಬಂದಿದೆ ಎಂದು ಹೇಳಬಲ್ಲ ‘ದಾಮಿನಿ’ ಆ್ಯಪ್ ಇರುವುದೂ ಆ ಕಪಾಟಿನ ಮೊಬೈಲಿನಲ್ಲೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ್ದು ಅದು. 20 ಮತ್ತು 40 ಕಿಲೋಮೀಟರ್ ಸುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಎಚ್ಚರಿಸುವುದನ್ನೇ ಆಫ್ ಮಾಡಿ ಅಂಗಳಕ್ಕಿಳಿಯುವುದನ್ನು ನಾವು ಜಾಗ್ರತೆ ಎಂದುಕೊಂಡಿದ್ದೇವೆ.

ಉಳಿದ ನಂಬಿಕೆಗಳು ಬೇಗ ಮುಗಿಯುತ್ತವೆ. ರಬ್ಬರ್ ಚಪ್ಪಲಿ ಕಾಯುವುದಿಲ್ಲ, ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದದ್ದಕ್ಕೆ ಬೆರಳಗಲದ ರಬ್ಬರ್ ಲೆಕ್ಕವಲ್ಲ. ಬಡಿದ ಜಾಗಕ್ಕೆ ಮತ್ತೆ ಬಡಿಯದು ಎಂಬುದು ಸುಳ್ಳು, ಎತ್ತರದ ಟವರುಗಳಿಗೆ ವರ್ಷದಲ್ಲಿ ಹಲವು ಸಲ ಬಡಿಯುತ್ತದೆ. ಅಂಗಳಕ್ಕೆ ಕತ್ತಿ ಎಸೆದರೆ ಸಿಡಿಲು ಅದಕ್ಕೇ ಹೋಗುತ್ತದೆ ಎನ್ನುವವರಿದ್ದಾರೆ, ನೆಲದ ಮೇಲೆ ಬಿದ್ದ ಕಬ್ಬಿಣ ಯಾವ ಸಿಡಿಲನ್ನೂ ಸೆಳೆಯದು. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳುವುದಕ್ಕೆ ನನ್ನ ತಕರಾರಿಲ್ಲ, ಹೇಳುವವರು ಕಾಂಕ್ರೀಟ್ ಮನೆಯೊಳಗೆ ಕಿಟಕಿ, ನಲ್ಲಿಗಳಿಂದ ದೂರ ಕೂತಿರಲಿ.

ಬೇಸರ ತರುವುದು ಒಂದು ತಪ್ಪು ಮಾತಲ್ಲ, ಪರೀಕ್ಷಿಸದೆ ಮುಂದಕ್ಕೆ ದಾಟಿಸುವ ಅಭ್ಯಾಸ. ‘ವಿಜ್ಞಾನಿಗಳು ಹೇಳಿದ್ದಾರೆ’ ಎಂದು ಬಂದ ಸಂದೇಶದಲ್ಲಿ ಯಾವ ವಿಜ್ಞಾನಿ, ಎಲ್ಲಿ, ಯಾವಾಗ ಎಂದು ಕೇಳುವವರಿಲ್ಲ. ಮಗ್ಗಿ ತಪ್ಪಿದರೆ ಮಕ್ಕಳನ್ನು ಗದರಿಸುವ ನಾವು, ಪ್ರಾಣದ ಪ್ರಶ್ನೆ ಬಂದಾಗ ಕೇಳಿದ್ದನ್ನೇ ಒಪ್ಪಿಸುತ್ತೇವೆ.

ಇವೆಲ್ಲದರಲ್ಲಿ ಅತ್ಯಂತ ಕ್ರೂರವಾದ ಸುಳ್ಳು ಇನ್ನೊಂದಿದೆ: ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬುದು. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದೇ ಇಲ್ಲ. ಹೆಚ್ಚಿನ ಸಾವು ಹೃದಯ ನಿಂತು ಆಗುವಂಥದ್ದು, ಆ ನಿಮಿಷಗಳಲ್ಲಿ ಎದೆ ಒತ್ತಿದರೆ ಬದುಕಬಲ್ಲವರು ಇದ್ದಾರೆ. ಆದ್ದರಿಂದ ಗುಡುಗು ಕೇಳಿದ ಕೂಡಲೇ ಅಡಿಕೆ ಬಿಟ್ಟು ಒಳಗೆ ಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗಿಳಿಯಬೇಡಿ. ಯಾರಿಗಾದರೂ ಬಡಿದರೆ ಹೆದರದೆ ಮುಟ್ಟಿ, ಸುರಕ್ಷಿತ ಜಾಗಕ್ಕೆ ತನ್ನಿ. ಉಸಿರಿಲ್ಲದಿದ್ದರೆ ಎದೆಯ ಮಧ್ಯೆ ಬಲವಾಗಿ, ಬಿಡದೆ ಒತ್ತುತ್ತಿರಿ, ಪಕ್ಕದಲ್ಲಿದ್ದವರು ಮೊಬೈಲಿನಿಂದ 108ಕ್ಕೆ ಕರೆ ಮಾಡಲಿ.